ಗುರುವಾರದ ಮಜ್ಜಿಗೆ ಹುಳಿ

ನಾಲ್ಕೂವರೆಗೆ ಎದ್ದು ಒಲೆ ಒರೆಸಿದೆ. ಹಾಲಿನ ಕ್ಯಾನು ಒಳಗಿಟ್ಟೆ. ಹೆಪ್ಪು ಹಾಕಿದ್ದ ಮೊಸರು ನೋಡಿದೆ, ಚಳಿಗೆ ಗಟ್ಟಿಯಾಗಿರಲಿಲ್ಲ. ಅರಕಲಗೂಡಿನ ಆಲೂಗಡ್ಡೆ ಒಂದು ಬುಟ್ಟಿ, ಮಣ್ಣು ಹೋಗುವ ತನಕ ತೊಳೆದೆ. ಬೂದುಗುಂಬಳ ಹೆಚ್ಚಿದೆ. ಕಡಲೆಬೇಳೆ ನೆನೆಹಾಕಿದೆ. ಒಂಬತ್ತು ಕಾಯಿ ತುರಿದೆ, ಹತ್ತನೆಯದು ಒಡೆದರೆ ಕೆಟ್ಟಿತ್ತು. ರಾಗಿಹಿಟ್ಟು ಜರಡಿ ಹಿಡಿದೆ. ಎಲೆ ಒರೆಸಿ ಜೋಡಿಸಿದೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂದುಕೊಂಡವಳು ಮರೆತೆ. ಇಷ್ಟಾಗುವ ಹೊತ್ತಿಗೆ ಏಳು ಗಂಟೆ, ತಿಂಡಿಗೆ ಜನ ಬಂದಾಗಿತ್ತು.

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಮೆಸ್ಸು. ಆರು ಮೇಜು. ನಾನು ಬೇಯಿಸುತ್ತೇನೆ, ಯಜಮಾನರು ಬಡಿಸುತ್ತಾರೆ. ಶುರು ಮಾಡಿದಾಗ ಸಸ್ಯಾಹಾರ ಅಂದರೆ ಒಂದೇ ಅಡುಗೆ ಎಂದುಕೊಂಡಿದ್ದೆ. ಹಾಗಿಲ್ಲ ಎಂಬುದು ಒಬ್ಬೊಬ್ಬರಾಗಿ ಬಂದು ಕೂತಾಗ ಗೊತ್ತಾಯಿತು. ತಾಲ್ಲೂಕು ಕಚೇರಿಯ ಒಬ್ಬರು ಏಕಾದಶಿಗೆ ಅನ್ನ ಮುಟ್ಟುವುದಿಲ್ಲ, ಅವರಿಗೆ ಅವಲಕ್ಕಿ. ಒಬ್ಬರಿಗೆ ಸಕ್ಕರೆ ಕಾಯಿಲೆ, ಮುದ್ದೆ ಮಾತ್ರ. ಇನ್ನೊಬ್ಬರಿಗೆ ಸೋಮವಾರ ಒಪ್ಪತ್ತು. ಹಾಸನದಿಂದ ದಿನವೂ ಬಂದು ಹೋಗುವ ಸಾಬರೊಬ್ಬರು ಓಣಿಯ ಮೂಲೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಬೇರೆ ಹೋಟೆಲಿನಲ್ಲಿ ಮಾಂಸ ಯಾರು ಕುಯ್ದರೋ ಎಂಬ ಅನುಮಾನ ಅವರಿಗೆ, ನಮ್ಮ ಎಲೆಯಲ್ಲಿ ಆ ಅನುಮಾನವೇ ಇಲ್ಲ. ಉಪವಾಸದ ತಿಂಗಳು ಅವರಿಗೆ ಸಂಜೆ ಪೊಟ್ಟಣ ಕಟ್ಟಿಕೊಡಬೇಕು.

ಇದೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಉಗ್ರಾಣದ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಹೆಸರಿನ ಬದಲು ಗುರುತು. ಏಕಾದಶಿಯವರಿಗೆ ಛತ್ರಿ, ಸಾಬರಿಗೆ ಕತ್ತರಿ. ಎಲ್ಲಕ್ಕಿಂತ ಉದ್ದದ ಸಾಲು ಟೀಚರದು: ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂ ಇಲ್ಲ, ಕ್ಯಾರೆಟ್ ಇಲ್ಲ, ಮೂಲಂಗಿ ಇಲ್ಲ, ಹೊತ್ತು ಮುಳುಗುವ ಮುಂಚೆ.

ಟೀಚರು ಜೈನರ ಮನೆಯ ಸೊಸೆ, ದಂಡಿಗನಹಳ್ಳಿ ಕಡೆಯವರು. ಜೂನ್‌ನಲ್ಲಿ ಇಲ್ಲಿಯ ಶಾಲೆಗೆ ಬಂದರು. ಬಸ್ಸಿನಲ್ಲಿ ಚನ್ನರಾಯಪಟ್ಟಣ ಸೇರಿ, ಅಲ್ಲಿಂದ ಗಂಡನ ಬೈಕಿನಲ್ಲಿ ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಕತ್ತಲಾದ ಮೇಲೆ ಅವರು ಊಟ ಮಾಡುವಂತಿಲ್ಲ. ಅದಕ್ಕೆ ಶಾಲೆ ಬಿಟ್ಟು ಐದು ಗಂಟೆಗೆ ನಮ್ಮಲ್ಲಿ ಉಂಡು ಐದೂವರೆಯ ಬಸ್ಸು ಹತ್ತುತ್ತಾರೆ. ಆ ಊಟವೇ ಮಾರನೆಯ ಬೆಳಗಿನವರೆಗೆ ಅವರಿಗೆ ಕೊನೆಯದು. ಮೇಲಾಗಿ ಈಗ ಅವರಿಗೆ ಆರು ತಿಂಗಳು. ಹೋದ ವಾರ ಶಾಲೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟರಂತೆ. ರಕ್ತ ಕಡಿಮೆ ಇದೆ, ಹೊಟ್ಟೆ ತುಂಬ ತಿನ್ನಿ ಎಂದು ಡಾಕ್ಟರು ಬೈದಿದ್ದಾರೆ.

ಅವರಿಗಾಗಿಯೇ ಒಂದು ಸಣ್ಣ ಪಾತ್ರೆ ಇಟ್ಟಿದ್ದೆ. ಅದರ ಸೌಟು ದೊಡ್ಡ ಸಾಂಬಾರಿಗೆ ಬೀಳಬಾರದೆಂದು ಹಿಡಿಗೆ ಕೆಂಪು ದಾರ. ಗುರುವಾರ ಆ ಪಾತ್ರೆಯಲ್ಲಿ ಮಜ್ಜಿಗೆ ಹುಳಿ. ಬೂದುಗುಂಬಳ ನೆಲದ ಮೇಲೆ ಬೆಳೆಯುವುದು, ಈರುಳ್ಳಿ ಬೇಕಿಲ್ಲ, ಬೆಳ್ಳುಳ್ಳಿ ಬೇಕಿಲ್ಲ. ಅವರಿಗೆ ಇದಕ್ಕಿಂತ ಹೊಂದುವ ಅಡುಗೆ ಇಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಆದರೆ ಆ ಪಾತ್ರೆ ಹೋದಷ್ಟೇ ವಾಪಸ್ ಬರುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಯಜಮಾನರು ಮತ್ತೆ ಅದನ್ನೇ ತೆಗೆದರು.

"ಟೀಚರಮ್ಮ ಮುಕ್ಕಾಲು ದಿನ ಬರೀ ಅನ್ನ ತಿಂದು ಓಯ್ತಾರೆ. ನೀನ್ಯಾಕೆ ಸುಮ್ನೆ ಬೇಯಿಸ್ತೀಯ? ಮಂಡಿ ನೋವು ಅಂತ ರಾತ್ರಿಯೆಲ್ಲ ನರಳ್ತೀಯ."

"ಬಸುರಿ ಹೆಂಗಸು. ನಾಲಿಗೆಗೆ ಸೇರಲ್ಲ."

"ಸೇರಲ್ಲ ಅಂದ್ಮೇಲೆ ಯಾರಿಗೆ ಮಾಡೋದು? ಇವತ್ತು ಹೇಳ್ಬುಡು. ಬೇರೆ ಪಾತ್ರೆ ಆಗಾಕಿಲ್ಲ ಅಂತ ಅನ್ನು, ಸಾಕು."

ನಾನು ಇಲ್ಲ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತಿಗೆ ನಾನೂ ಕಾಯುತ್ತಿದ್ದೆ. ಒಂದು ಪಾತ್ರೆ ಅಂದರೆ ಬರೀ ಪಾತ್ರೆಯಲ್ಲ. ಅದಕ್ಕೊಂದು ರುಬ್ಬುವುದು, ಅದಕ್ಕೊಂದು ಒಗ್ಗರಣೆ, ಅದನ್ನು ಬೇರೆ ತೊಳೆಯುವುದು. ಸಂಜೆ ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೂ ಅಭ್ಯಾಸಬಲದಿಂದ ಸಣ್ಣ ಪಾತ್ರೆಗೆ ಕಡಲೆಬೇಳೆ, ಕಾಯಿ, ಹಸಿಮೆಣಸು ರುಬ್ಬಿ ಹಾಕಿದೆ.

ಮಧ್ಯಾಹ್ನದ ಪಂಕ್ತಿ ಮುಗಿದು ಇಬ್ಬರೇ ಉಳಿದಿದ್ದರು. ಒಬ್ಬರು ದರ್ಜಿ ಸಾಬರು. ಇನ್ನೊಬ್ಬರು ತೆಂಗಿನಕಾಯಿ ಲೋಡು ತಂದಿದ್ದ ಹರದನಹಳ್ಳಿಯ ಗೌಡರು, ಮೂರನೇ ಮುದ್ದೆಯಲ್ಲಿದ್ದರು. ಯಜಮಾನರು ಪಾತ್ರೆಯ ಕತೆಯನ್ನು ಅವರ ಮುಂದೂ ಹರವಿದರು.

ಗೌಡರು ನಕ್ಕರು. "ನಮ್ಮಂಗಿರ್ಬೇಕು ಕಣಕ್ಕಾ. ಮುದ್ದೆ ಬ್ಯಾಡ ಅಂತ ಯಾವ ದ್ಯಾವ್ರೂ ನಂಗೆ ಯೋಳಿಲ್ಲ."

"ನಿಮ್ಗೆ ಶನಿವಾರ ಒಪ್ಪತ್ತು ಅಂತಿದ್ರಲ್ಲ ಗೌಡ್ರೆ?" ಎಂದರು ಯಜಮಾನರು.

"ಅಯ್ ಅದಾ? ನೆಂಟರು ಬಂದು ಕೋಳಿ ಕುಯ್ದ ಶನಿವಾರ ಲೆಕ್ಕಕ್ಕಿಲ್ಲ ಬುಡಿ."

ಸಾಬರು ನಗಲಿಲ್ಲ. ಎಲೆ ಮಡಚದೆ ಕೇಳಿದರು: "ಅಮ್ಮಾ, ಆ ಪಾತ್ರೇಲಿ ಏನೈತೆ ಇವತ್ತು?"

"ಮಜ್ಜಿಗೆ ಹುಳಿ. ಪ್ರತಿ ಗುರುವಾರ ಅದೇ."

"ಬೇಳೆ ರುಬ್ಬಿ ಆಕ್ತೀರಾ?"

"ಹಾಕದೆ? ಕಡಲೆಬೇಳೆ ಇಲ್ದೆ ಮಂದ ಬರೋದು ಹೇಗೆ?"

"ಅದಕ್ಕೇ ಕಣಮ್ಮ ಅವ್ರು ಮುಟ್ಟಲ್ಲ. ಚಿಕ್ಕೋನಾಗಿದ್ದಾಗ ಚನ್ನರಾಯಪಟ್ಟಣದಾಗೆ ನಮ್ಮನೆ ಗೋಡೆಗೇ ಅವ್ರ ಪೈಕಿ ಮನೆ. ಆ ಮನೆ ಅಜ್ಜಿ ಕಾಯಿಸ್ದೆ ಇರೋ ಮೊಸ್ರಿಗೆ ಬೇಳೆ ಸೋಕಿಸ್ತಿರ್ಲಿಲ್ಲ, ಆಮೇಲೆ ಕುದಿಸ್ತೀವಿ ಅಂದ್ರೂ. ಯಾವ ಬೇಳೆನೂ. ಎರಡೂ ಸೇರಿದ್ರೆ ಕಣ್ಣಿಗೆ ಕಾಣದ ಜೀವ ಉಟ್ತದೆ ಅನ್ನೋರು. ಬೇಳೆ ಸಾರು ಉಂಡ್ರೆ ಬಾಯಿ ಮುಕ್ಕಳಿಸ್ಕೊಂಡು ಬಂದು ಆಮೇಲೆ ಮಜ್ಜಿಗೆ ಕುಡಿಯೋರು."

ಬಾಯಿ ಮುಕ್ಕಳಿಸುವುದು ಎಂದಾಗ ನನ್ನ ಕೈಯಲ್ಲಿದ್ದ ನೀರಿನ ಜಗ್ಗು ಅಲ್ಲೇ ನಿಂತಿತು. ಬೇಳೆ ಸಾರಿನ ದಿನ ಟೀಚರು ನಡುವೆ ಎದ್ದು ಹೋಗಿ ಬಾಯಿ ತೊಳೆದು ಬಂದು ಮಜ್ಜಿಗೆ ಕುಡಿಯುವುದನ್ನು ಎಷ್ಟು ಸಲ ನೋಡಿದ್ದೆ! ಪಾಪ, ವಾಕರಿಕೆ ಎಂದುಕೊಂಡು ನಿಂಬೆಹಣ್ಣು ಬೇರೆ ಕೊಟ್ಟು ಕಳಿಸಿದ್ದೆ.

ಸಾಬರು ಹೋದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಮಂಗಳವಾರ ಹೆಸರುಬೇಳೆ ಕೋಸಂಬರಿ, ಅವರಿಗೆ ಒಳ್ಳೆಯದೆಂದು ಮೊಸರು ಕಲಸಿ. ಗುರುವಾರ ಮಜ್ಜಿಗೆ ಹುಳಿ. ದಿನವೂ ಮೊಸರನ್ನ, ಮೇಲೆ ಉದ್ದಿನಬೇಳೆಯ ಒಗ್ಗರಣೆ. ನಾನು ಪ್ರೀತಿಯಿಂದ ಹೆಚ್ಚಿಗೆ ಮಾಡಿದ್ದೆಲ್ಲ ಅವರು ತಿನ್ನದಂಥದ್ದೇ.

ಆದರೂ ಮನಸ್ಸು ಒಪ್ಪಲಿಲ್ಲ. ಸಾಬರಿಗೆ ಹಳೆಯ ನೆನಪು, ಈ ಕಾಲದವರು ಅಷ್ಟೆಲ್ಲ ನಡೆಸುತ್ತಾರೋ ಇಲ್ಲವೋ. ಹಾಗಂದುಕೊಂಡರೆ ಮತ್ತೆ ಒಲೆ ಹಚ್ಚುವ ಕೆಲಸ ಇರಲಿಲ್ಲ. ಮಂಡಿ ಊದಿತ್ತು. ಚಾಪೆ ಹಾಕಿ ಅರ್ಧ ಗಂಟೆ ಕಾಲು ಚಾಚಿದೆ. ಬೇರೇನೂ ಮಾಡದೆ ಸಂಜೆಯಾಗಲಿ ಎಂದು ಬಿಟ್ಟೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಟೀಚರು ಬಂದರು. ಮುಖ ಬಿಳಿಚಿತ್ತು. ಎಂದಿನಂತೆ ಕಿಟಕಿಯ ಪಕ್ಕ, ಬಿಸಿಲು ಕಾಣುವ ಕಡೆ ಕೂತರು. ನಾನೇ ಬಡಿಸಿದೆ. ಅನ್ನದ ಪಕ್ಕ ಮಜ್ಜಿಗೆ ಹುಳಿ ಬಿಟ್ಟು ನಿಂತೆ. ಅವರು ಅನ್ನವನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡರು, ಹುಳಿ ಹರಿದು ತಾಗದ ಹಾಗೆ. ಉಪ್ಪಿನಕಾಯಿ ಸೋಕಿಸಿ ಒಂದು ತುತ್ತು ತಿಂದರು.

"ಟೀಚರ್, ಮೊಸರಿಗೆ ಬೇಳೆ ಸೇರಿದ್ರೆ ನೀವು ತಿನ್ನೋದಿಲ್ವ?"

ಅವರು ತಲೆ ಎತ್ತಲಿಲ್ಲ. "ಅಕ್ಕ, ನಾನೇ ಹೇಳ್ಬೇಕು ಅಂತಿದ್ದೆ. ಸೋಮವಾರದಿಂದ ಇಲ್ಲಿಗೆ ಬರಲ್ಲ. ಬಿಸ್ಕತ್ತು ಹಣ್ಣು ಇಟ್ಕೋತೀನಿ."

"ಕೇಳಿದ್ದು ಅದಲ್ಲ."

"ಇಲ್ಲ ಅಕ್ಕ, ತಿನ್ನಲ್ಲ. ನಮ್ಮತ್ತೆ ಮನೇಲಿ ಅದು ಗಟ್ಟಿ."

"ಜೂನ್‌ನಿಂದ ಬಾಯಿ ಬಿಡಬಾರದಾಗಿತ್ತ?"

"ಮೊದಲ ದಿನವೇ ಬೇರೆ ಪಾತ್ರೆ ಕೇಳಿದ್ದೆ. ನೀವು ದಾರ ಬೇರೆ ಕಟ್ಟಿ ಇಟ್ರಿ. ಅದ್ರಲ್ಲೂ ಇದು ಬೇಡ ಅದು ಬೇಡ ಅಂತ ಯಾವ ಮುಖದಲ್ಲಿ ಹೇಳ್ಲಿ?" ಅವರ ಕಣ್ಣು ತುಂಬಿತ್ತು. ತುತ್ತು ಕೈಯಲ್ಲೇ ಇತ್ತು.

ನಾನು ಸಂಜೆಗೆಂದು ಕಟ್ಟಿಟ್ಟುಕೊಂಡಿದ್ದ ಮಾತನ್ನು ಅಲ್ಲೇ ಬಿಟ್ಟೆ. ಬಿಸ್ಕತ್ತು ತಿಂದು ಬೆಳಗಿನವರೆಗೆ ಇರುತ್ತಾರಂತೆ, ಆರು ತಿಂಗಳ ಬಸುರಿ. ಗಡಿಯಾರ ನೋಡಿದೆ, ಐದು ದಾಟಿ ಐದು ನಿಮಿಷ.

"ಏಳ್ಬೇಡಿ," ಎಂದು ಒಳಗೆ ಹೋದೆ.

ಹುಣಸೆಹಣ್ಣಿನ ರಸಕ್ಕೆ ಮೆಣಸು ಜೀರಿಗೆ ಕುಟ್ಟಿ ಹಾಕಿ ಒಂದು ಒಲೆ. ತೊಂಡೆಕಾಯಿ ಸಣ್ಣಗೆ ಹೆಚ್ಚಿ ಇನ್ನೊಂದು ಒಲೆ. ಬಿಳಿ ಮೊಸರನ್ನ ಕಲಸಿ ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆ ಸಿಡಿಯಿತು, ಕೈ ತಾನಾಗಿಯೇ ಡಬ್ಬಿಯ ಉದ್ದಿನಬೇಳೆಗೆ ಹೋಯಿತು. ಬೆರಳ ತುದಿಯಲ್ಲಿ ನಾಲ್ಕು ಬೇಳೆ ಬಂದೂ ಇದ್ದವು. ವಾಪಸ್ ಉದುರಿಸಿ ಸೆರಗಿಗೆ ಕೈ ಒರೆಸಿ ಕರಿಬೇವು ಹಾಕಿದೆ. ಮೂವತ್ತು ವರ್ಷದಿಂದ ಈ ಕೈಗೆ ಸಾಸಿವೆ ಆದ ಮೇಲೆ ಉದ್ದಿನಬೇಳೆ ಎಂಬುದೊಂದೇ ಗೊತ್ತು.

ತೊಂಡೆಕಾಯಿ ಬೇಯಲು ತಡ ಮಾಡಿತು. ನಿಲ್ದಾಣದಲ್ಲಿ ಬಸ್ಸು ಹಾರನ್ ಮಾಡುವುದು ಕೇಳಿಸಿತು. ಟೀಚರು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಯಜಮಾನರು ಚಪ್ಪಲಿ ಮೆಟ್ಟಿದರು. "ಕೂತ್ಕಳಿ ಟೀಚರೇ. ಕಂಡಕ್ಟರು ನಮ್ಮ ಮುದ್ದೆ ತಿನ್ನೋ ಗಿರಾಕಿನೇ. ನಿಲ್ಲಿಸ್ತೀನಿ," ಎಂದು ಓಣಿಯಲ್ಲಿ ಬಿರಬಿರನೆ ಹೋದರು. ಬೆಳಿಗ್ಗೆ ಪಾತ್ರೆ ತೆಗೆದುಹಾಕು ಎಂದವರು ಇವರೇನಾ ಅನ್ನಿಸಿತು.

ಹೊಸ ಎಲೆ ಹಾಕಿದೆ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ತೊಂಡೆಕಾಯಿ ಪಲ್ಯ. ಟೀಚರು ಸಾರನ್ನ ಕಲಸಿ ತಿಂದರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮೊಸರನ್ನ ಬಡಿಸುವಾಗ ಒಗ್ಗರಣೆಯನ್ನು ಒಂದು ಕ್ಷಣ ದಿಟ್ಟಿಸಿದರು. "ಬರೀ ಸಾಸಿವೆ, ಕರಿಬೇವು," ಎಂದೆ. ಇಷ್ಟು ತಿಂಗಳಲ್ಲಿ ಅವರು ನಮ್ಮ ಮೊಸರನ್ನ ತಿಂದದ್ದು ಅದೇ ಮೊದಲು. ಎಲೆ ಬಳಿದು ತಿಂದರು. ಕೈ ತೊಳೆದು ಬಂದು, "ಅಕ್ಕ, ಮಜ್ಜಿಗೆ ಹುಳಿಗೆ ಬೇಳೆ ಬದಲು ಅಕ್ಕಿ ರುಬ್ಬಿ ಹಾಕಿದ್ರೂ ಆಗುತ್ತೆ. ನಮ್ಮನೇಲಿ ಹಾಗೇ," ಎಂದು ಮೆಲ್ಲಗೆ ಅಂದರು.

"ಹಾಗಾದ್ರೆ ಸೋಮವಾರ ಬಿಸ್ಕತ್ತಲ್ಲ."

"ಬಿಸ್ಕತ್ತಲ್ಲ," ಎಂದರು.

ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು. ಒಳಗೆ ಕೂತಿದ್ದವರೆಲ್ಲ ಯಜಮಾನರಿಗೆ ಬೈದರಂತೆ.

ಉಗ್ರಾಣದ ಬಾಗಿಲ ಹಿಂದೆ ಟೀಚರ ಸಾಲಿನಲ್ಲಿ ಜಾಗವಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದೆ: ಮೊಸರಿಗೆ ಬೇಳೆ ಇಲ್ಲ, ಒಗ್ಗರಣೆಗೂ ಇಲ್ಲ. ಬರೆಯುವಾಗ ಸಂತೋಷವಾಯಿತು ಅಂದರೆ ಸುಳ್ಳಾದೀತು. ಒಂದು ಪಾತ್ರೆ ಕಡಿಮೆಯಾಗುತ್ತದೆ ಎಂದು ಬೆಳಗಿನಿಂದ ಕಾದಿದ್ದೆ, ಈಗ ಅದರ ಕೆಲಸ ಹೆಚ್ಚಿತ್ತು. ಸುಮ್ಮನೆ ಸುಸ್ತಾಗಿತ್ತು, ಅಷ್ಟೆ. ಆದರೆ ಆ ಪಾತ್ರೆ ಮೂಲೆಗೆ ಹೋಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಎಂಟು ಗಂಟೆಗೆ ಬಾಗಿಲು ಹಾಕಿದೆವು. ದೊಡ್ಡ ಪಾತ್ರೆಗಳೆಲ್ಲ ಖಾಲಿ. ತುಂಬಿದ್ದದ್ದು ಸಣ್ಣದೊಂದೇ. ಎರಡು ಮುದ್ದೆ ತೊಳಸಿ, ಟೀಚರು ಮುಟ್ಟದ ಮಜ್ಜಿಗೆ ಹುಳಿಯನ್ನು ನಾವಿಬ್ಬರೂ ಉಂಡೆವು.

"ಇಷ್ಟು ಚೆನ್ನಾಗೈತಲ್ಲೇ, ಬೇಳೆ ಆಕಿದ್ದು," ಎಂದರು ಯಜಮಾನರು, ಪಾತ್ರೆಯ ತಳ ಕೆರೆಯುತ್ತ.

"ಬರೋ ಗುರುವಾರದಿಂದ ಅಕ್ಕಿ."

"ಸರಿ ಬುಡು."

ಕೆಂಪು ದಾರದ ಸೌಟು ತೊಳೆದು ಮೊಳೆಗೆ ನೇತುಹಾಕಿ, ಕೊನೆಗೂ ಎಣ್ಣೆ ಬಟ್ಟಲು ತಂದು ಮಂಡಿ ನೀವಿಕೊಳ್ಳುತ್ತ ಕೂತೆ. ಒಂದು ಮಂಡಿ ಮುಗಿಯುವಷ್ಟರಲ್ಲಿ ಅವರು ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದರು.