ವಿಠೋಬಣ್ಣನ ತಕ್ಕಡಿಯೂ ನನ್ನ ಸೆಕೆಯೂ

ಹೋದ ವಾರ ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಾಟಲಿ ಬೋರಲು ಹಾಕಿದರೆ ಒಂದು ತೊಟ್ಟೂ ಬೀಳಲಿಲ್ಲ. ಅಲ್ಲಾಡಿಸಿದೆ, ತಳಕ್ಕೆ ಎರಡು ಗುದ್ದಿದೆ. ಊಹೂಂ. ಒಳಗೆ ತೆಂಗಿನೆಣ್ಣೆ ಬೆಳ್ಳಗೆ ಕಲ್ಲಾಗಿ ಕೂತಿತ್ತು. ಎಣ್ಣೆ ಹಚ್ಚುವಂಥ ಆಸ್ತಿ ನನ್ನ ತಲೆಯ ಮೇಲೆ ಹೆಚ್ಚೇನೂ ಉಳಿದಿಲ್ಲ, ಅದು ಬೇರೆ ಮಾತು. ಆದರೆ ಇದು ಮೇ ತಿಂಗಳು ಸ್ವಾಮಿ, ಕಾರವಾರದ ಮೇ ತಿಂಗಳು! ಸ್ನಾನ ಮಾಡಿ ಮೈ ಒರೆಸಿಕೊಂಡರೆ ಒರೆಸಿದ್ದು ನೀರೋ ಬೆವರೋ ಎಂದು ತಿಳಿಯದ ಕಾಲ. ಡಿಸೆಂಬರಿನ ಬೆಳಗಿನಲ್ಲಿ ಎಣ್ಣೆ ಗಟ್ಟಿಯಾಗುವುದು, ಅದನ್ನು ಬಿಸಿಲಿಗಿಡುವುದು ನಮಗೆಲ್ಲ ಗೊತ್ತು. ಮೇ ತಿಂಗಳಲ್ಲಿ ಗಟ್ಟಿಯಾದದ್ದನ್ನು ಕಂಡವರಿಲ್ಲ. ಆಮೇಲೆ ನೆನಪಾಯಿತು, ನಾನು ನಿವೃತ್ತನಾದ ಖುಷಿಗೆ ಮಗಳು ಹಿಂದಿನ ವಾರವಷ್ಟೇ ನಮ್ಮ ಮಲಗುವ ಕೋಣೆಗೆ ಎಸಿ ಹಾಕಿಸಿದ್ದಳು.

ನೆನಪಾದದ್ದು ಅಷ್ಟೇ ಆಗಿದ್ದರೆ ಬಾಟಲಿಯನ್ನು ಬಿಸಿಲಿಗಿಟ್ಟು ಚಹಾ ಕುಡಿಯಲು ಹೋಗುತ್ತಿದ್ದೆ. ಅದರ ಬೆನ್ನಿಗೇ ಹದಿನೆಂಟು ವರ್ಷ ಹಿಂದಿನ ಇನ್ನೊಂದು ಮೇ ತಿಂಗಳ ಬೆಳಗು ನೆನಪಾಯಿತು. ಮಂಚದ ಮೇಲೆ ಕುಸಿದೆ.

"ಎಂತಾಯ್ತು?" ಎಂದಳು ನಮ್ಮನೆಯವಳು.

"ವಿಠೋಬಣ್ಣನ ತಕ್ಕಡಿ ಸರಿ ಇತ್ತು ಮಾರಾಯ್ತಿ!"

"ನಿಮ್ಮ ತಲೆಗೆ ತಂಪು ಜಾಸ್ತಿ ಆಯ್ತು ಕಾಣ್ತದೆ," ಎಂದು ಅವಳು ಎಸಿ ಬಂದ್ ಮಾಡಿದಳು.

ನಿಮಗೆ ವಿಠೋಬಣ್ಣನ ಪರಿಚಯ ಮಾಡಿಸಬೇಕು. ಊರು ಅಂಕೋಲಾ. ಅಲ್ಲಿಯ ಪೇಟೆಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತ ಕೂತಿದ್ದವರನ್ನು ನಮ್ಮ ಮುಖ್ಯಸ್ಥರು ಕಾರವಾರದ ನಮ್ಮ ಸಣ್ಣ ಪ್ರಯೋಗಾಲಯಕ್ಕೆ ದಿನಗೂಲಿಯ ಮೇಲೆ ಕರೆತಂದಿದ್ದರು. ನಮ್ಮ ಕೆಲಸವೆಂದರೆ ಬೇಲೆಕೇರಿಯಿಂದಲೋ ಕಾಳಿ ನದಿಯ ಬಾಯಿಂದಲೋ ಸಮುದ್ರದ ನೀರು ತಂದು, ಸೋಸಿ, ಕಾಗದದ ಮೇಲೆ ಉಳಿದ ಕೆಸರನ್ನು ಒಣಗಿಸಿ ತೂಗುವುದು. ದೊಡ್ಡ ವಿಜ್ಞಾನವೆಂದು ನಾನು ಮಾವನ ಮನೆಯಲ್ಲಿ ಹೇಳಿಕೊಂಡಿದ್ದೆ. ವಾಸ್ತವದಲ್ಲಿ ಕೆಸರು ತೂಗುವ ನೌಕರಿ. ಆ ಕೆಸರೋ, ಒಂದು ಲೀಟರಿಗೆ ಒಂದು ಚಿಟಿಕೆಯೂ ಇರುತ್ತಿರಲಿಲ್ಲ.

ಸಾಮಾನುಗಳ ಗತಿ ಕೇಳಬೇಡಿ. ಸಮುದ್ರದ ಗಾಳಿಗೆ ತುಕ್ಕು ಹಿಡಿಯದ್ದು ನಮ್ಮ ಪ್ರಯೋಗಾಲಯದಲ್ಲಿ ಮೇಜು ಮತ್ತು ನಾನು, ಎರಡೇ. ಉಳಿದದ್ದನ್ನೆಲ್ಲ ವಿಠೋಬಣ್ಣ ಬದುಕಿಸಿ ಇಟ್ಟಿದ್ದರು. ಆಳದ ನೀರು ಹಿಡಿಯುವ ಬಾಟಲಿಯ ಮುಚ್ಚಳ ಸೋರಿದರೆ ಕುಕ್ಕರಿನ ರಬ್ಬರು ಕತ್ತರಿಸಿ ಕೂರಿಸುವರು. ಹೊಸ ರಬ್ಬರಿಗೆ ನಾವು ಅರ್ಜಿ ಹಾಕಿದ್ದೆವು, ಅದು ನಾನು ನಿವೃತ್ತನಾಗುವವರೆಗೂ ಬರಲಿಲ್ಲ. ಆಯುಧಪೂಜೆಯ ದಿನ ನಮ್ಮ ಜವಾನ ಭಕ್ತಿಯಿಂದ ತಕ್ಕಡಿಯ ಒಂದು ತಟ್ಟೆಗೂ ಗಂಧ ಕುಂಕುಮ ಬಳಿದುಬಿಟ್ಟ. ನಾಲ್ಕು ದಿನ ಸಮುದ್ರದ ಕೆಸರೆಲ್ಲ ಇದ್ದಕ್ಕಿದ್ದಂತೆ ಏರಿತು. ನಾನು ಅದಕ್ಕೆ ಹಿಂಗಾರಿನ ಪ್ರವಾಹ ಕಾರಣವೆಂದು ಎರಡು ಪುಟ ಬರೆದೂ ಆಗಿತ್ತು! ವಿಠೋಬಣ್ಣ ನೋಡಿ ನಕ್ಕರು. ಮರುವರ್ಷದಿಂದ ತಾವೇ ಎರಡೂ ತಟ್ಟೆಗೆ ಸಮನಾಗಿ ಬಳಿದರು. "ದೇವ್ರಿಗೂ ಬೇಜಾರಿಲ್ಲ, ತೂಕಕ್ಕೂ ಬೇಜಾರಿಲ್ಲ" ಎಂದರು.

ಈಗ ಆ ತಕ್ಕಡಿಯ ಮಾತು. ಗಾಜಿನ ಪೆಟ್ಟಿಗೆಯೊಳಗೆ ಎರಡು ತಟ್ಟೆ, ನಡುವೆ ಉದ್ದನೆಯ ಒಂದು ಮುಳ್ಳು. ಹಳೆಯದಾದರೂ ಸೂಕ್ಷ್ಮ. ಸೂಕ್ಷ್ಮವೇ ಅದರ ರೋಗ. ಮುಳ್ಳು ತೂಗಾಡಲು ಶುರು ಮಾಡಿದರೆ ನಿಲ್ಲುತ್ತಲೇ ಇರಲಿಲ್ಲ. ಇನ್ನೇನು ನಿಂತಿತು ಎನ್ನುವಾಗ ಬಂದರಿಗೆ ಅದಿರು ಹೊತ್ತ ಲಾರಿ ಹೋಗುವುದು, ಮೇಜು ಗುಡುಗುವುದು, ಮುಳ್ಳು ಮತ್ತೆ ಕುಣಿಯುವುದು. ಒಂದು ಕಾಗದ ತೂಗಲು ಒಂದು ಚಹಾ, ಒಂದು ಪತ್ರಿಕೆ, ಒಮ್ಮೊಮ್ಮೆ ಒಂದು ಸಣ್ಣ ನಿದ್ದೆ ಬೇಕಾಗುತ್ತಿತ್ತು. ನನಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ವಿಠೋಬಣ್ಣನಿಗೆ ತಡೆಯಲಾಗಲಿಲ್ಲ.

ಅವರು ಮೂರು ತಿಂಗಳು ಕೂತು ಒಂದು ಉಪಾಯ ಮಾಡಿದರು. ಒಂದು ತಟ್ಟೆಯ ಕೆಳಗೆ ಕೂದಲಿನಷ್ಟು ತೆಳುವಾದ ತಂತಿ, ಅದರ ತುದಿಗೆ ಉಗುರಿನಷ್ಟು ಹಿತ್ತಾಳೆಯ ರೇಕು. ಆ ರೇಕು ಕೆಳಗಿನ ಪುಟ್ಟ ಹಿತ್ತಾಳೆ ಬಟ್ಟಲಿನ ಎಣ್ಣೆಯಲ್ಲಿ ಮುಳುಗಿರುತ್ತದೆ. ಜಿರಲೆ ಬೀಳದಂತೆ ಬಟ್ಟಲಿಗೆ ಮುಚ್ಚಳ, ಮುಚ್ಚಳದಲ್ಲಿ ತಂತಿ ಹೋಗಲು ಒಂದು ತೂತು.

"ದೋಣಿ ನಿಲ್ಸುಕೆ ಹುಟ್ಟು ನೀರಿಗೆ ಇಳಿಸ್ತಾರಲ್ರಾ, ಹಂಗೆ," ಎಂದು ನನಗೆ ವಿವರಿಸಿದರು.

ಯಂತ್ರದ ಎಣ್ಣೆ ಹಾಕಿ ನೋಡಿದರು, ತೆಳುವಾಯಿತು. ಗ್ಲಿಸರಿನ್ ಹಾಕಿದರು, ಅದು ನಮ್ಮ ಹವೆಯ ನೀರನ್ನೆಲ್ಲ ಕುಡಿದು ಉಬ್ಬಿತು. ಕೊನೆಗೆ ಮನೆಯ ತೆಂಗಿನೆಣ್ಣೆ. ಹೇಳಿ ಮಾಡಿಸಿದ ಹಾಗೆ ಕೂತಿತು. "ಚಳಿಗಾಲಕ್ಕೆ ಗಟ್ಟಿ ಆಗ್ತದಲ್ಲ?" ಎಂದು ನಾನು ನನ್ನ ವಿಜ್ಞಾನ ತೋರಿಸಿದೆ. "ಡಿಸೆಂಬರಿಗೆ ಪಕ್ಕದಲ್ಲಿ ಒಂದ್ ಸಣ್ಣ ಬಲ್ಬ್ ಉರಿಸುವಾ. ಈಗೆಂತಕ್ಕೆ ಆ ಚಿಂತೆ?" ಎಂದರು. ಅಂದು ಸಂಜೆ ಸತ್ತ ಚಿಗಳಿ ಇರುವೆಯೊಂದನ್ನು ತೂಗಿದೆವು. ಮುಳ್ಳು ವಾಲಿತು, ಒಮ್ಮೆ ಹಿಂದೆ ಬಂತು, ನಿಂತಿತು. ಹೊರಗೆ ಲಾರಿ ಹೋಯಿತು, ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ವಿಠೋಬಣ್ಣನ ಮುಖ ನೋಡಬೇಕಿತ್ತು ನೀವು.

ಮರುದಿನವೇ ಬೆಂಗಳೂರಿನಿಂದ ತಜ್ಞರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ವಿಠೋಬಣ್ಣನಿಗೆ ಕಾಯಂ ನೌಕರಿ, ಇಂಥ ತಕ್ಕಡಿಗಳನ್ನು ಬೇರೆ ಕಡೆಗೂ ಸುಧಾರಿಸಿ ಕೊಡುವ ಕೆಲಸ ಎಂದು ಮುಖ್ಯಸ್ಥರು ಮಾತು ಕೊಟ್ಟಿದ್ದರು. ವಿಠೋಬಣ್ಣ ಖುಷಿಗೆ ಆಫೀಸಿನವರಿಗೆಲ್ಲ ಅಂಕೋಲೆಯ ಕರಿ ಈಶಾಡ ಮಾವಿನಹಣ್ಣು ತಂದಿದ್ದರು. ನನ್ನ ಪಾಲಿನದನ್ನು ತಕ್ಕಡಿ ಕೋಣೆಯಲ್ಲೇ ಇಟ್ಟಿದ್ದೆ. ಅದೇ ಕೋಣೆಯಲ್ಲಿ ಇನ್ನೂ ಒಂದು ಸಾಮಾನಿತ್ತು: ಹೊಸ ಎಸಿ. ತಜ್ಞರ ಹಸ್ತದಿಂದಲೇ ಉದ್ಘಾಟನೆಯಾಗಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಎಂದು ಆಜ್ಞೆ. ರಿಮೋಟಿಗೆ ಕೆಂಪು ರಿಬ್ಬನ್ ಕಟ್ಟಿ ಮೇಜಿನ ಮೇಲಿಟ್ಟಿದ್ದರು.

ಆ ಬೆಳಿಗ್ಗೆ ವ್ಯವಸ್ಥೆ ನೋಡುವ ನೆಪದಲ್ಲಿ ನಾನು ಆರೂವರೆಗೇ ಹೋದೆ. ನಿಜ ಹೇಳಿಬಿಡುತ್ತೇನೆ, ಮನೆಯಲ್ಲಿ ಸೆಕೆ ತಡೆಯಲಾಗಿರಲಿಲ್ಲ. ರಿಬ್ಬನ್ ಬಿಚ್ಚಿದೆ. ಹದಿನೆಂಟು ಡಿಗ್ರಿಗೆ ಇಟ್ಟೆ. ಕದ ಹಾಕಿ, ಕುರ್ಚಿ ಎಳೆದು, ಎಸಿಯ ಕೆಳಗೆ ಕಾಲು ಚಾಚಿ ಕೂತು ವಿಠೋಬಣ್ಣನ ಈಶಾಡ ಹಣ್ಣನ್ನು ಒಂದೊಂದಾಗಿ ಹೀರಿದೆ. ಜನ್ಮ ಸಾರ್ಥಕವಾಯಿತು ಎನಿಸಿತ್ತು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದ್ ಮಾಡಿ, ಸಿಪ್ಪೆ ಎಸೆದು, ರಿಬ್ಬನ್ನನ್ನು ಮೊದಲಿನಂತೆಯೇ ಗಂಟು ಹಾಕಿಟ್ಟೆ.

ತಜ್ಞರು ಒಳಗೆ ಬಂದು, "ಆಹಾ, ಈ ಕೋಣೆ ಎಷ್ಟು ತಂಪಾಗಿದೆ!" ಎಂದರು.

"ಸಮುದ್ರದ ಗಾಳಿ, ಸರ್," ಎಂದೆ.

ವಿಠೋಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಗಾಜು ಸರಿಸಿ, ಮಿಲಿಗ್ರಾಂ ಕಲ್ಲನ್ನು ಚಿಮಟದಲ್ಲಿ ಹಿಡಿದು ಇಟ್ಟರು. ಮುಳ್ಳು ಅಲುಗಲಿಲ್ಲ. ಒಂದು ಗ್ರಾಂ ಇಟ್ಟರು. ಅಲುಗಲಿಲ್ಲ. ಹತ್ತು ಗ್ರಾಂ ಇಟ್ಟರು. ಅದು ಧ್ಯಾನಕ್ಕೆ ಕೂತ ಹಾಗೆ ಕೂತೇ ಇತ್ತು.

"ಮುಳ್ಳು ನಿಲ್ಲಬೇಕು ಅಂದಿರಂತೆ. ಚೆನ್ನಾಗಿಯೇ ನಿಂತಿದೆ," ಎಂದರು ತಜ್ಞರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಸಂಶಯ ಬಂದೀತೆಂದು.

"ಒಂದ್ ನಿಮಿಷ ಸರ್, ಬಿಚ್ಚಿ ನೋಡ್ತೆ," ಎಂದರು ವಿಠೋಬಣ್ಣ.

"ಬೇಡ ಬಿಡಿ," ಎಂದು ತಜ್ಞರು ಎಸಿಯ ಕಡೆ ತಿರುಗಿದರು. ರಿಬ್ಬನ್ ಬಿಚ್ಚಿದರು, ಚಪ್ಪಾಳೆ ಬಿತ್ತು, ರಿಮೋಟ್ ಒತ್ತಿದರು. ಕರೆಂಟ್ ಹೋಗಿತ್ತು. ಎಲ್ಲರೂ ಮೀನೂಟಕ್ಕೆ ಹೊರಟರು.

ವಿಠೋಬಣ್ಣ ಬರಲಿಲ್ಲ. ಮೂರು ಗಂಟೆಗೆ ನಾನು ಬಂಗುಡೆ ತಿಂದ ಕೈ ಮೂಸುತ್ತ ಬಂದಾಗ ಕೋಣೆ ಕುಲುಮೆಯಾಗಿತ್ತು. ಅವರು ಬೆವರಿನಲ್ಲಿ ತೊಯ್ದು ಕೂತಿದ್ದರು. ಮೇಲಿನ ಮುಳ್ಳು, ತಂತಿ ಎಲ್ಲ ಒಂದೊಂದಾಗಿ ನೋಡಿ ಕೊನೆಗೆ ಬಟ್ಟಲು ಬಿಚ್ಚುವ ಹೊತ್ತಿಗೆ ಎಣ್ಣೆ ಕರಗಿ ನೀರಾಗಿತ್ತು. ಕಲ್ಲಿಟ್ಟರೆ ಮುಳ್ಳು ವಾಲಿ ನಿಲ್ಲುತ್ತಿತ್ತು, ಏನೂ ಆಗಿರದಂತೆ.

"ಸರ್, ಬೆಳಿಗ್ಗೆ ನೀವು ಬೇಗ ಬಂದಿದ್ರಲ್ಲ, ಏನಾರೂ ಮುಟ್ಟಿದ್ರಾ?"

"ಇಲ್ಲಪ್ಪ."

"ಏನೂ ಇಲ್ವಾ?"

"ಏನೂ ಇಲ್ಲ ಮಾರಾಯ್ರೆ," ಎಂದೆ. ಕುಂಬಳಕಾಯಿ ಕಳ್ಳನಂತೆ ಹೆಗಲನ್ನಲ್ಲ, ಮೀಸೆಯನ್ನು ಮುಟ್ಟಿ ನೋಡಿಕೊಂಡೆ, ಮಾವಿನ ರಸ ಉಳಿದಿದೆಯೇ ಎಂದು. ಆಣೆ ಮಾಡಿ ಹೇಳುತ್ತೇನೆ, ಎಸಿಗೂ ಆ ಮುಳ್ಳಿಗೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಕದ್ದು ತಂಪು ತಿಂದದ್ದು ಗೊತ್ತಾದರೆ ಮುಖ್ಯಸ್ಥರು ಬೈಯುತ್ತಾರೆಂಬ ಹೆದರಿಕೆ, ಅಷ್ಟೇ. ಅಷ್ಟಕ್ಕಾಗಿ ಸುಳ್ಳು ಹೇಳಿದೆ. ತಿಂಗಳೊಳಗೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಹಳೆಯದು ಗುಜರಿಗೆ ಹೋಯಿತು, ವಿಠೋಬಣ್ಣ ಅಂಕೋಲೆಗೆ ಹೋದರು.

ಗಟ್ಟಿ ಎಣ್ಣೆಯ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಅಂದೇ ಅಂಕೋಲೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ. ಎಣ್ಣೆಯೂ ಕರಗಿತ್ತು.

ಅದೇ ಪೇಟೆ, ಅದೇ ಗೂಡಂಗಡಿ. ಗಡಿಯಾರಗಳ ಜಾಗದಲ್ಲಿ ಮಿಕ್ಸರ್‌ಗಳು. ವಿಠೋಬಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬರ್ರಿ ಸರ್, ಬರ್ರಿ, ಚಾ ಹೇಳ್ತೆ," ಎಂದರು. ಚಹಾ ಬರುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಎಷ್ಟ್ ಡಿಗ್ರಿ?"

"ಹದಿನೆಂಟು."

"ಎಷ್ಟ್ ಹೊತ್ತು?"

"ಮೂರು ಗಂಟೆ ಮೇಲೆ."

"ನನ್ನ ಈಶಾಡ ಹಣ್ಣ ತಿನ್ತಾ ಕೂತಿದ್ರಾ?"

"ಹೌದು."

"ಎಷ್ಟ್ ತಿಂದ್ರಿ?"

"ನಾಕು."

ವಿಠೋಬಣ್ಣನಿಗೆ ಸಿಟ್ಟು ಬಂತು. ಅಷ್ಟು ವರ್ಷದ ಒಡನಾಟದಲ್ಲಿ ನಾನು ಕಾಣದ ಸಿಟ್ಟು. "ಎರಡ್ ಸಲ ಕೇಳ್ದೆ ನಿಮ್ಗೆ! ಎರಡ್ ಸಲ! ನೌಕರಿ ಹೋತು, ಹೋಗ್ಲಿ, ಹೊಟ್ಟೆಗೆ ಕಡಿಮೆ ಆಗ್ಲಿಲ್ಲ. ತಪ್ಪು ಎಲ್ಲಿ ಅದೆ ಹೇಳಿ ಸಿಕ್ಕಿದ್ರೆ ತಿದ್ದುತಿದ್ದೆ. ಸಿಗ್ಲೇ ಇಲ್ಲ. ಆ ಗುಜರಿಯವನ ಹತ್ರ ಹೋಗಿ ತಕ್ಕಡಿ ವಾಪಸ್ ತಂದೆ. ಎಷ್ಟು ಸಲ ಬಿಚ್ಚಿ ಕಟ್ಟಿದೆ ಗೊತ್ತದ್ಯಾ? ಸರಿ ಇರುದು ಯಾಕೆ ನಿಂತಿತು? ಆವತ್ತಿಂದ ನನ್ನ ಕೈ ನಂಗೇ ನಂಬುಕೆ ಆಗ್ಲಿಲ್ಲ. ಬೇರೆಯವ್ರು ಮಾಡಿದ್ದನ್ನ ರಿಪೇರಿ ಮಾಡ್ತೆ. ನಂದು ಹೇಳಿ ಒಂದೂ ಮಾಡ್ಲಿಲ್ಲ."

ನಾಲ್ಕು ಮಾವಿನಹಣ್ಣಿನ ತಂಪಿಗಾಗಿ ಒಬ್ಬ ಒಳ್ಳೆಯ ಕೆಲಸಗಾರನ ಹದಿನೆಂಟು ವರ್ಷವನ್ನು ನುಂಗಿ ನೀರು ಕುಡಿದಿದ್ದೆ. ಅಳು ಬಂತು. ಚಹಾದ ಲೋಟ ಅಡ್ಡ ಹಿಡಿದೆ.

ಅವರು ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡು, "ನಿಮ್ಮ ಕೋಣೆ ಎಸಿ ಹದಿನೆಂಟಕ್ಕೆ ಹೋಗ್ತದ್ಯಾ?" ಎಂದರು.

ಮರುದಿನ ಏಳು ಗಂಟೆಗೆ ತಕ್ಕಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾರವಾರಕ್ಕೆ ಬಂದರು. ನಮ್ಮನೆಯವಳ ಪೌಡರ್ ಡಬ್ಬಿಗಳನ್ನೆಲ್ಲ ಸರಿಸಿ ಮೇಜಿನ ಮೇಲೆ ಕೂರಿಸಿದರು. ಬಟ್ಟಲಿಗೆ ನನ್ನ ಬಾಟಲಿಯದೇ ಎಣ್ಣೆ. ಹದಿನೆಂಟು ಡಿಗ್ರಿ. ಕದ ಹಾಕಿ ಮೂವರೂ ಕಂಬಳಿ ಹೊದ್ದು ಕೂತೆವು. ಹೊರಗೆ ಕಾಗೆಯೂ ಸೆಕೆಗೆ ಬಾಯಿ ತೆರೆದು ಕೂತಿತ್ತು. ಹತ್ತು ನಿಮಿಷಕ್ಕೊಮ್ಮೆ ವಿಠೋಬಣ್ಣ ಕಲ್ಲಿಟ್ಟು ನೋಡುವರು. ಮೊದಲು ಮುಳ್ಳು ಸರಾಗವಾಗಿ ವಾಲಿತು. ಆಮೇಲೆ ಸೋಮಾರಿಯಾಯಿತು. ಎರಡು ಗಂಟೆ ಕಳೆದ ಮೇಲೆ ಒಂದು ಗ್ರಾಂ ಇಟ್ಟರೂ ಇಲ್ಲ, ಹತ್ತು ಗ್ರಾಂ ಇಟ್ಟರೂ ಇಲ್ಲ.

"ಹಿಂಗೇ ನಿಂತಿತ್ತು," ಎಂದರು ವಿಠೋಬಣ್ಣ. "ಆವತ್ತು ಹಿಂಗೇ ನಿಂತಿತ್ತು ಸರ್." ಮುಚ್ಚಳ ತೆಗೆದು ಬೆಳ್ಳಗಿನ ಎಣ್ಣೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

ಎಸಿ ಬಂದ್ ಮಾಡಿ ಕಿಟಕಿ ತೆರೆದೆವು. ಊರಿನ ಸೆಕೆಯೆಲ್ಲ ನುಗ್ಗಿ ಬಂತು. ಅವರು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ನಮ್ಮನೆಯವಳು ತಂದ ಅವಲಕ್ಕಿ ಆರಿತು. ಕೊನೆಗೆ ಮುಳ್ಳು ಒಂದು ಕೂದಲಿನಷ್ಟು ಅಲುಗಿತು, ವಾಲಿತು, ಒಮ್ಮೆ ಹಿಂದೆ ಬಂದು ನಿಂತಿತು. ವಿಠೋಬಣ್ಣ ನಮ್ಮನೆಯವಳ ಕಡೆ ತಿರುಗಿ, "ಅಕ್ಕಾ, ನನ್ನ ಕೆಲ್ಸ ಸರಿ ಇತ್ತು, ಕಂಡ್ರಾ?" ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ಕಾಗದ ಕೇಳಿದರು. ಎಸಿ ಹಾಕಿದವನು ನಾನು, ತಕ್ಕಡಿಯಲ್ಲಿ ದೋಷವಿಲ್ಲ ಎಂದು ನನ್ನಿಂದ ಬರೆಸಿ, ಸಹಿ ಹಾಕಿಸಿ, ಮಡಚಿ ಜೇಬಿಗಿಟ್ಟುಕೊಂಡರು. ನೌಕರಿಯುದ್ದಕ್ಕೂ ಎಷ್ಟೋ ವರದಿಗೆ ಸಹಿ ಮಾಡಿದ್ದೇನೆ. ಕುಂಕುಮದ ಪ್ರವಾಹವೂ ಅದರಲ್ಲಿ ಸೇರಿದೆ. ಇದೊಂದನ್ನು ಮಾತ್ರ ಯಾರು ಬೇಕಾದರೂ ಪರೀಕ್ಷಿಸಬಹುದು.

ವಿಠೋಬಣ್ಣನ ಮುಂದಿನ ಪರೀಕ್ಷೆಗೆಂದು ಆ ತಕ್ಕಡಿ ಇನ್ನೂ ನಮ್ಮ ಮಲಗುವ ಕೋಣೆಯಲ್ಲೇ ಇದೆ. ಅದು ಅಲುಗದಿರಲೆಂದು ನಾವಿಬ್ಬರೂ ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಬೆವರುತ್ತ ಮಲಗುತ್ತೇವೆ. ಎಸಿ ಹಾಕಿಸಿಕೊಟ್ಟ ಮಗಳಿಗೆ ಇದನ್ನು ಹೇಗೆ ಹೇಳುವುದೋ ತಿಳಿಯದು. ಸೆಕೆ ಜೋರಿದೆ, ನನಗಂತೂ ಬೇಸರವಿಲ್ಲ. ಈಗಷ್ಟೇ ಅಂಕೋಲೆಯಿಂದ ಫೋನು ಬಂದಿತ್ತು.

"ಸರ್, ಎಣ್ಣೆ ಬೇಡ್ವೇ ಬೇಡ. ಮುಳ್ಳನ್ನ ಬರೀ ಗಾಳಿಯಲ್ಲೇ ನಿಲ್ಸುದು ಒಂದ್ ಹೊಸದು ಮಾಡಿದ್ದೆ. ನಾಳೆ ಏಳ್ ಗಂಟೆಗೆ ಬರ್ತೆ, ಎಸಿ ಹಾಕಿಡಿ."