ಗೆದ್ದವರ ತಂಬಿಗೆ

ಸೌದಿಯಲ್ಲಿ ಅಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಮಕ್ಬೂಲ್ ‘ಉಸುಕು ಬಳಿದೆ’ ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಅವನೇನೂ ತಮಾಷೆ ಮಾಡುತ್ತಿರಲಿಲ್ಲ. ಅಲ್ಲಿ ಒಂದು ದೊಡ್ಡ ಕಂಪನಿಯ ಕಾಲನಿಯಲ್ಲಿ ಸಾಹೇಬರು ಆಡಲೆಂದು ಗಾಲ್ಫ್ ಮೈದಾನವಿತ್ತು. ಹೆಸರಿಗೆ ಮೈದಾನ, ಹುಡುಕಿದರೂ ಹುಲ್ಲಿನ ಒಂದು ಎಸಳಿಲ್ಲ, ಕಣ್ಣು ಹಾಯುವಷ್ಟೂ ಮರಳುಗಾಡು. ಚೆಂಡು ಕೊನೆಗೆ ಹೋಗಿ ಬೀಳಬೇಕಾದ ಕುಳಿಯ ಸುತ್ತ ಉಸುಕಿಗೆ ಎಣ್ಣೆ ಕಲಸಿ, ದುಂಡಗೆ ಹಾಸಿ, ಹಲಗೆ ಎಳೆದು ನುಣುಪು ಮಾಡಿಡುತ್ತಿದ್ದರು. ಎಣ್ಣೆ ಕುಡಿದ ಉಸುಕು ಗಾಳಿಗೆ ಹಾರುವುದಿಲ್ಲ, ಚೆಂಡು ಅದರ ಮೇಲೆ ಸರಾಗ ಉರುಳುತ್ತದೆ. ಒಬ್ಬ ಸಾಹೇಬ ಆಡಿ ಹೋದ ಮೇಲೆ ಅವನ ಬೂಟಿನ ಗುರುತು ಅಳಿಸಿ, ಮುಂದಿನ ಸಾಹೇಬನಿಗೆ ಅಣಿ ಮಾಡುವುದು ಮಕ್ಬೂಲನ ಕೆಲಸ. ಹರೆಯವೆಲ್ಲ ಅದರಲ್ಲೇ ಹೋಯಿತು. ಒಂದು ದಿನವಾದರೂ ಯಾರೂ ಅವನ ಕೈಗೆ ಕೋಲು ಕೊಟ್ಟು, ಬಾ, ನೀನೂ ಒಂದು ಹೊಡಿ ಎನ್ನಲಿಲ್ಲ. ಹಾಗೆನ್ನುವ ಜನವೂ ಅಲ್ಲ ಬಿಡಿ ಅದು.

ಕಲಬುರಗಿಗೆ ಮರಳುವಾಗ ಅವನು ಸಾಹೇಬರು ಬಿಸಾಡಿದ ಕೋಲುಗಳನ್ನು ಕಟ್ಟಿಕೊಂಡು ಬಂದ. ಕೆಲವಕ್ಕೆ ಹಿಡಿಯಿಲ್ಲ, ಕೆಲವು ಸೊಟ್ಟ. ಸ್ಟೇಶನ್ ಬಜಾರಿನ ಹಿಂದಿನ ಗಲ್ಲಿಯ ಮನೆಯಲ್ಲಿ ಗಂಟು ಬಿಚ್ಚಿದಾಗ ಹೆಂಡತಿ ಖುರ್ಷೀದ್ ಬೇಗಂ ಹಣೆ ಚಚ್ಚಿಕೊಂಡಳು. “ಸಬ್ ಲೋಗಾಂ ಸೋನಾ ಲಾತೇ, ಇನೋ ಲೋಹಾ ಲಾಯೇ!” ಎಲ್ಲರ ಗಂಡಂದಿರು ಬಂಗಾರ ತಂದರೆ ತನ್ನ ಗಂಡ ಕಬ್ಬಿಣ ತಂದನಲ್ಲ ಎಂಬ ಸಂಕಟ ಅವಳದು. ಓಣಿಯ ಹೆಂಗಸರ ಮುಂದೆ ಆಕೆ ಇದನ್ನು ಎಷ್ಟು ಸಲ ಹೇಳಿದಳೆಂದರೆ, ಕೊನೆಗೆ ಅವಳಿಗೇ ನಗು ಬರತೊಡಗಿತು.

ಆಟ ಶುರುವಾದದ್ದು ಝಹೀರನ ಗ್ಯಾರೇಜಿನಲ್ಲಿ. ಸಂಜೆ ಹೊತ್ತು ಅಲ್ಲಿ ಹಳೆಯ ಗೆಳೆಯರು ಸೇರುತ್ತಿದ್ದರು. ಪೈಪಿನ ಅಂಗಡಿ ಇಟ್ಟಿದ್ದ ಖೂಬಾ ಪ್ಲಾಟ್ ಬಡಾವಣೆಯ ನೀಲಕಂಠ ಮಕ್ಬೂಲನ ಶಾಲೆಯ ಜೊತೆಗಾರ. ಇನ್ನೊಬ್ಬ ವಿವೇಕಾನಂದ, ಕಾಲೇಜಿನ ಮೇಷ್ಟ್ರು, ಕುಸನೂರಿನಿಂದ ಸ್ಕೂಟರ್ ಮೇಲೆ ಬರುವವನು. ಮಾತು ಬೆಳೆದು, ಕೋಲುಗಳು ಹೊರಗೆ ಬಂದು, ಜಾಗ ಎಲ್ಲಿ ಎಂಬ ಪ್ರಶ್ನೆ ಎದ್ದಾಗ ನೀಲಕಂಠನಿಗೆ ಅಕ್ಕನ ಹೊಲ ನೆನಪಾಯಿತು. ಕಮಲಾಪುರದಾಚೆ ಕಸ್ತೂರಿಬಾಯಿಗೆ ಒಂದು ಮನೆ, ಒಂದು ಬಾವಿ, ಕೆಂಪು ಬಾಳೆಯ ಒಂದು ತೋಟ. ಅದರ ಮೇಲ್ಗಡೆ ಏನೂ ಬೆಳೆಯದ, ಸಣ್ಣ ಹರಳು ತುಂಬಿದ ಕೆಂಪು ಗರಸಿನ ಇಳಿಜಾರು, ಪೂರ್ತಿ ಬಯಲು. ಅದನ್ನು ನೋಡಿದ್ದೇ ಮಕ್ಬೂಲನ ಕಣ್ಣು ಅರಳಿತು. “ಇದು ಸೌದಿನೇ ಅದೋ ನೀಲ್ಯಾ, ಬಣ್ಣ ಅಷ್ಟ ಬ್ಯಾರೆ,” ಎಂದ.

ಅಲ್ಲಿನ ಪದ್ಧತಿಯನ್ನೆಲ್ಲ ಅವನು ಇಲ್ಲಿಗೆ ತಂದ. ಗರಸಿನ ಮೇಲೆ ಕೋಲು ಬೀಸಿದರೆ ಮುರಿಯುತ್ತದೆ. ಅದಕ್ಕೆ ಪ್ರತಿಯೊಬ್ಬನ ಬಗಲಲ್ಲೂ ಬಾಗಿಲ ಮುಂದೆ ಕಾಲೊರೆಸುವ ಹಸಿರು ಪ್ಲಾಸ್ಟಿಕ್ ಚಾಪೆಯ ಒಂದು ತುಂಡು. ಚೆಂಡು ಎಲ್ಲಿ ಬಿತ್ತೋ ಅಲ್ಲಿ ಚಾಪೆ ಹಾಸಿ, ಚೆಂಡನ್ನೆತ್ತಿ ಅದರ ಮೇಲಿಟ್ಟು ಹೊಡೆಯಬೇಕು. ಬಿಸಿಲಲ್ಲಿ ಆ ಗಂಡಸರು ಚಾಪೆ ಹಿಡಿದು ಬಯಲು ತುಂಬ ಓಡಾಡುವುದನ್ನು ಕಂಡ ರಸ್ತೆಯ ಜನ, ಇವರು ನಮಾಜಿಗೆ ಜಾಗ ಹುಡುಕುತ್ತಿದ್ದಾರೋ ಯೋಗಕ್ಕೋ ಎಂದು ಬಸ್ಸಿನ ಕಿಟಕಿಯಿಂದ ಇಣುಕುತ್ತಿದ್ದರು. ಕುಳಿಗಳ ಸುತ್ತ ಎಣ್ಣೆ ಕಲಸಿದ ಉಸುಕು. ಎಣ್ಣೆಗೆ ಬರವಿರಲಿಲ್ಲ, ಗಾಡಿಗಳಿಂದ ಇಳಿಸಿದ ಕರಿ ಎಣ್ಣೆ ಝಹೀರನ ಗ್ಯಾರೇಜಿನಲ್ಲಿ ಡ್ರಮ್ಮುಗಟ್ಟಲೆ ಬಿದ್ದಿತ್ತು. ಮಕ್ಬೂಲ್ ಮಂಡಿಯೂರಿ ಕೂತು ಅದನ್ನು ಕಲಸಿ, ಬಳಿದು, ಕನ್ನಡಿಯಂತೆ ಮಾಡಿದ. ಕಸ್ತೂರಿಬಾಯಿ ಬಂದು ನೋಡಿ, “ಇದೇನೋ ತಮ್ಮಾ, ಕರಿ ಕಣಾ ಮಾಡೀಯಲ್ಲ, ಏನ್ ರಾಶಿ ಮಾಡ್ತೀರಿ ಇದರಾಗ?” ಎಂದಳು. ಅಂದಿನಿಂದ ಅದರ ಹೆಸರು ಕರಿಕಣ.

ಯುಗಾದಿಯಿಂದ ದೀಪಾವಳಿಯವರೆಗೆ ಭಾನುವಾರ ಭಾನುವಾರ ಲೀಗು. ದೀಪಾವಳಿ ಕಳೆದ ಭಾನುವಾರ ಕೊನೆಯ ಪಂದ್ಯಾವಳಿ. ಮೊದಲ ವರ್ಷ ಗೆದ್ದವನಿಗೆ ಕೊಡುವ ಕಪ್ಪು ತರುವ ಜವಾಬ್ದಾರಿ ಹೊತ್ತಿದ್ದ ವಿವೇಕಾನಂದ ಅದನ್ನು ಮರೆತು ಬಂದ. ಮೇಷ್ಟ್ರ ಕೆಲಸ ಯಾವಾಗಲೂ ಹಾಗೆ. ಕಸ್ತೂರಿಬಾಯಿ ಒಳಗಿನಿಂದ ಹಿತ್ತಾಳೆ ತಂಬಿಗೆಯಲ್ಲಿ ಬಾವಿಯ ನೀರು ತಂದು, ದಣಿದೀರಿ, ಗೆದ್ದಾಂವ ಮೊದಲ ಕುಡೀರಿ ಎಂದು ಕೊಟ್ಟಳು. ಗೆದ್ದ ಝಹೀರ್ ನಿಂತೇ ಗಟಗಟನೆ ಕುಡಿದ. ಅದೇ ಪದ್ಧತಿಯಾಯಿತು. ಗೆದ್ದವನು ಎಲ್ಲರೆದುರು ತಂಬಿಗೆ ಎತ್ತಿ ತಳ ಕಾಣುವವರೆಗೆ ಕುಡಿಯಬೇಕು. ತಂಬಿಗೆ ವರ್ಷವಿಡೀ ಅವನ ಮನೆಯಲ್ಲಿರಬೇಕು. ಝಹೀರನ ಮನೆಗೆ ಹೋಯಿತು, ಖೂಬಾ ಪ್ಲಾಟಿನ ನೀಲಕಂಠನ ಮನೆಗೆ ಹೋಯಿತು, ಮರೆಗುಳಿ ಮೇಷ್ಟ್ರ ಮನೆಗೂ ಹೋಯಿತು. ಮಕ್ಬೂಲನ ಮನೆಗೆ ಮಾತ್ರ ಬರಲಿಲ್ಲ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು, ಎಲ್ಲರಿಗೂ ಕಲಿಸಿದವನು ಅವನೇ. ಆದರೆ ಕೊನೆಯ ಹೊಡೆತಕ್ಕೆ ನಿಂತಾಗ, ಯಾರೋ ಬಂದು ಕೋಲು ಕಿತ್ತುಕೊಂಡು ಹಲಗೆ ಕೊಡುತ್ತಾರೆಂಬಂತೆ ಅವನ ಕೈ ಹೆದರಿಬಿಡುತ್ತಿತ್ತು. ಆ ತಂಬಿಗೆ ಒಂದು ಸಲ ಖುರ್ಷೀದಳ ಶೋಕೇಸಿನಲ್ಲಿ ಕೂರಬೇಕು ಎಂಬುದು ಅವನ ಜೀವದ ಆಸೆಯಾಗಿತ್ತು. ಇಷ್ಟು ಸಣ್ಣ ಆಸೆಯೇ ಎಂದು ನಗಬೇಡಿ. ಉಳಿದ ಆಸೆಗಳಿಗೆ ಅವನ ಬಳಿ ವಯಸ್ಸು ಉಳಿದಿರಲಿಲ್ಲ.

ಈ ವರ್ಷ ಮಳೆ ಹುಚ್ಚಾಪಟ್ಟೆ ಸುರಿಯಿತು. ಶನಿವಾರ ಬಳಿದ ಕರಿಕಣ ಭಾನುವಾರ ಬರುವಷ್ಟರಲ್ಲಿ ತೊಳೆದು ಹೋಗಿರುತ್ತಿತ್ತು. ಮಕ್ಬೂಲ್ ಬೇಸರಪಡಲಿಲ್ಲ. ಮತ್ತೆ ಎಣ್ಣೆ ತರಿಸಿದ, ಮತ್ತೆ ಬಳಿದ. ಆಷಾಢದಲ್ಲಿ ಬಳಿದ, ಶ್ರಾವಣದಲ್ಲಿ ಬಳಿದ, ಭಾದ್ರಪದದಲ್ಲಿ ಝಹೀರನ ಡ್ರಮ್ಮುಗಳು ಖಾಲಿಯಾಗಿ ಪಕ್ಕದ ಗ್ಯಾರೇಜಿನಿಂದ ತಂದು ಬಳಿದ. ತೊಳೆದು ಹೋದ ಎಣ್ಣೆ ಎಲ್ಲಿಗೆ ಹೋಯಿತು ಎಂದು ಅವನೂ ಕೇಳಲಿಲ್ಲ, ಉಳಿದವರೂ ಕೇಳಲಿಲ್ಲ. ಇಳಿಜಾರಿನ ಕೆಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಪ್ರತಿ ಭಾನುವಾರ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ಪಂದ್ಯಾವಳಿಯ ಬೆಳಿಗ್ಗೆ ಕಸ್ತೂರಿಬಾಯಿ ಎಂದಿನಂತೆ ಎಲ್ಲರಿಗೂ ಚಹಾ ಕೊಟ್ಟಳು. ಆಕೆ ಬಹಳ ಸೊರಗಿದ್ದಳು, ಕುಪ್ಪಸದ ತೋಳು ಜೋತುಬಿದ್ದಿತ್ತು. ಮಕ್ಬೂಲ್ ಬಟ್ಟಲು ತುಟಿಗೆ ತಂದವನು ತಡೆದ. ಯಾಲಕ್ಕಿಯ ಹಿಂದೆ, ಬೆಲ್ಲದ ಹಿಂದೆ, ಇನ್ನೊಂದು ವಾಸನೆ ಇತ್ತು. ಅರ್ಧ ಆಯುಷ್ಯ ಅವನ ಉಗುರಲ್ಲಿ, ಅಂಗಿಯಲ್ಲಿ, ಊಟದ ಕೈಯಲ್ಲಿ ಇದ್ದ ವಾಸನೆ ಅದು. ಅವನಿಗೆ ತಪ್ಪುವಂತಿರಲಿಲ್ಲ. ಉಳಿದವರ ಮುಖ ನೋಡಿದ. ಝಹೀರನ ಮೈಯೇ ಎಣ್ಣೆ, ಅವನಿಗೇನು ಗೊತ್ತಾದೀತು? ವಿವೇಕಾನಂದ ಒಂದು ಗುಟುಕು ಕುಡಿದು, ಸ್ಟೋವಿನದು ಇರಬೇಕೆಂದುಕೊಂಡನೋ ಏನೋ, ಸುಮ್ಮನೆ ಉಳಿದದ್ದನ್ನೂ ಕುಡಿದ. ಉಂಡ ಮನೆಯಲ್ಲಿ ಚಹಾಕ್ಕೆ ಏನೋ ವಾಸನೆ ಇದೆ ಎಂದು ಹೇಳುವ ಜನ ಇವರಲ್ಲ. ಮಕ್ಬೂಲನೂ ಕುಡಿದ. ತನ್ನ ಕೈಯ ವಾಸನೆಯೇ ಇದ್ದೀತು ಎಂದು ತನಗೆ ತಾನೇ ಹೇಳಿಕೊಂಡ. ಕೈ ಮೂಸಿ ನೋಡಲಿಲ್ಲ. ಮೂಸಿದರೆ ಆಟ ನಿಲ್ಲಿಸಬೇಕಾಗುತ್ತಿತ್ತು, ಮತ್ತು ಅಂದು ಅವನಿಗೆ ಗೆಲ್ಲಬೇಕಾಗಿತ್ತು.

ಅಂದು ಅವನ ಕೈ ಹೆದರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಝಹೀರ್, ವಿವೇಕಾನಂದ ಹಿಂದೆ ಬಿದ್ದು, ಕೊನೆಯ ಕುಳಿಗೆ ಅವನೂ ನೀಲಕಂಠನೂ ಸರಿಸಮ ನಿಂತರು. ನೀಲಕಂಠನ ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು. ಮಕ್ಬೂಲನ ಚೆಂಡು ಕರಿಕಣದ ಮೇಲೆ ನೆಟ್ಟಗೆ ಉರುಳುತ್ತ ಹೋಗಿ ಒಳಗೆ ಬಿತ್ತು. ತಾನೇ ಬಳಿದ ಉಸುಕು, ತನ್ನದೇ ಹೊಡೆತ. ಗೆಳೆಯರು ಕೇಕೆ ಹಾಕಿ ಅವನನ್ನು ಎತ್ತಿಕೊಂಡರು. ನೀಲಕಂಠ ಸೋತ ಸಂಕಟ ಮರೆತು, “ಮಗನೇ, ಕಡೀಗೂ ಗೆದ್ದೆಲ್ಲೋ!” ಎಂದು ಬೆನ್ನಿಗೆ ಗುದ್ದಿದ. ಮಕ್ಬೂಲ್ ಅತ್ತುಬಿಟ್ಟ.

ಕಸ್ತೂರಿಬಾಯಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಬಂದಳು. ಹುಣಸೆ ಹಚ್ಚಿ ತಿಕ್ಕಿದ ಹಿತ್ತಾಳೆ ಬಿಸಿಲಿಗೆ ಥಳಥಳಿಸುತ್ತಿತ್ತು. ಮಕ್ಬೂಲ್ ತಂಬಿಗೆ ತೆಗೆದುಕೊಂಡು ಬಗ್ಗಿ ನೋಡಿದ. ನೀರಿನ ಮೇಲೆ ತೆಳ್ಳಗೆ ನೀಲಿ, ನೇರಳೆ, ಹಳದಿ ಬಣ್ಣದ ಪೊರೆ ಆಡುತ್ತಿತ್ತು. ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದರು. ಅವನು ತಂಬಿಗೆ ಎತ್ತಿದ. ಒಂದು ಗುಟುಕು ಕುಡಿದ, ಎರಡು ಕುಡಿದ. ಮೂರನೆಯದಕ್ಕೆ ತಂಬಿಗೆ ಕೆಳಗಿಳಿಸಿದ. ಎದುರಿಗೆ ನಿಂತ ಕಸ್ತೂರಿಬಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಾತೇನೋ ತಮ್ಮಾ?” ಎಂದಳು, ಅವನಿಗಷ್ಟೇ ಕೇಳುವಂತೆ.

“ಅಕ್ಕಾ, ನಿನಗ...?”

“ಶ್ರಾವಣದಾಗಿಂದ ಅದ. ಅನ್ನದಾಗೂ ಬರ್ತದ. ಹೊಟ್ಟಿ ಒಟ್ಟ ನಿಲ್ಲವಲ್ದು, ಉಂಡದ್ದೆಲ್ಲ ಹೋಗ್ತದ.”

“ಮತ್ತ ಹೇಳಬಾರದಾಗಿತ್ತೇನು?”

“ಹೇಳಿದ್ರ ನೀಲ್ಯಾ ಆಟ ಬಂದ್ ಮಾಡಸ್ತಿದ್ದ. ಆಟ ಬಂದಾದ್ರ ನೀವ್ಯಾರ್ ಬರ್ತೀರಿ ಇಲ್ಲಿ? ಹಬ್ಬಕ್ಕೂ ಬರಲಾರದ ನೀಲ್ಯಾ ಈಗ ವಾರಾ ವಾರಾ ಬರಾಕತ್ತಾನ.”

ಚಪ್ಪಾಳೆ ನಿಂತಿತ್ತು. ಮಕ್ಬೂಲ್ ತಂಬಿಗೆ ಬಗ್ಗಿಸಿ ಉಳಿದ ನೀರನ್ನೆಲ್ಲ ಗರಸಿನ ಮೇಲೆ ಚೆಲ್ಲಿದ. ಅಕ್ಕ ಕೈಯಾರೆ ಕೊಟ್ಟ ನೀರನ್ನು ಚೆಲ್ಲಿದ್ದು ಕಂಡು ನೀಲಕಂಠನ ಮುಖ ಕೆಂಪಗಾಯಿತು. ಇಂಥದನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. “ಏನೋ ಇದು, ತಲಿ ನೆಟ್ಟಗದ ಏನು?” ಎಂದು ಮುನ್ನುಗ್ಗಿದ. ಮಕ್ಬೂಲ್ ಅವನ ಕೈಹಿಡಿದು ಬಾವಿಗೆ ಕರೆದೊಯ್ದು ತೋರಿಸಿದ. ಬಾವಿ ತುಂಬಿತ್ತು. ನೀರಿನ ತುಂಬ ಅದೇ ಬಣ್ಣದ ಪೊರೆ, ಅಂಚಿನ ಕಲ್ಲಿಗೆ ಕಪ್ಪು ಜಿಡ್ಡು. ಬದಿಯ ಬಾಳೆಗಳ ಎಲೆಗಳು ತುದಿಯಿಂದ ಸುಟ್ಟುಕೊಂಡು ಬಂದಿದ್ದವು.

ನೀಲಕಂಠ ಆ ಜಿಡ್ಡನ್ನು ಬೆರಳಿಂದ ಸವರಿ ನೋಡಿ ಕೇಳಿದ: “ನಾವು ತಿಳೀಲಾರದವ್ರು, ಬಿಡು. ನಿನಗ ಗೊತ್ತಿರಲಿಲ್ಲೇನು? ಎಣ್ಣೀ ಕೆಲಸ ನಿಂದೇ ಇತ್ತಲ್ಲ ಅಲ್ಲಿ.”

“ಅಲ್ಲಿ ಮಳಿ ಬರ್ತಿರಲಿಲ್ಲ,” ಎಂದ ಮಕ್ಬೂಲ್.

ಬೆಳಿಗ್ಗೆ ಚಹಾ ಕುಡಿದಾಗಲೇ ಗೊತ್ತಾಗಿತ್ತು ಎಂಬುದನ್ನು ಅವನು ಹೇಳಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಖುರ್ಷೀದಳಿಗೂ ಹೇಳಲಿಲ್ಲ. ತಂಬಿಗೆಯನ್ನು ಬಾವಿಯ ಕಟ್ಟೆಯ ಮೇಲೇ ಬಿಟ್ಟು ಬಂದ.

ಆಮೇಲೆ ಎಲ್ಲರೂ ತಮ್ಮ ತಮ್ಮ ಕೈಲಾದದ್ದು ಮಾಡಿದರು. ನೀಲಕಂಠ ಅಕ್ಕನನ್ನು ಖೂಬಾ ಪ್ಲಾಟಿಗೆ ಕರೆತಂದು ಡಾಕ್ಟರಿಗೆ ತೋರಿಸಿದ. ಆಕೆ ಕೆಲವು ದಿನ ಇದ್ದು, ಬಾಳೆ ಒಣಗುತ್ತದೆ ಎಂದು ಹಟ ಹಿಡಿದು ಹೊರಟು ಹೋದಳು. ಝಹೀರ್ ಪಂಪ್ ತಂದು ಬಾವಿಯನ್ನು ಬರಿದು ಮಾಡಿಸಿದ. ನೀರು ಮತ್ತೆ ಊರಿತು, ಪೊರೆಯೂ ಮತ್ತೆ ಬಂತು. ವಿವೇಕಾನಂದ, ಇಂಥ ನೀರು ತಿಳಿಯಾಗಲು ಬಹಳ ಕಾಲ ಬೇಕಾಗಬಹುದು ಎಂದು ಹೇಳಿ ಹೋದವನು ಮತ್ತೆ ಆ ಕಡೆ ಬರಲಿಲ್ಲ. ಗ್ಯಾರೇಜಿನ ಸಂಜೆಗಳೂ ಮುಗಿದವು. ಜಗಳವೇನೂ ಆಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಾಗದೆ ತಪ್ಪಿಸಿಕೊಂಡರು, ಅಷ್ಟೇ. ನೀಲಕಂಠ ಬಜಾರಿನಲ್ಲಿ ಎದುರಾದರೆ ಸಲಾಂ ಹೇಳುತ್ತಾನೆ, ನಿಲ್ಲುವುದಿಲ್ಲ.

ಮಕ್ಬೂಲ್ ಮಾತ್ರ ಭಾನುವಾರ ತಪ್ಪಿಸಲಿಲ್ಲ. ಎರಡು ಕ್ಯಾನ್ ಕುಡಿಯುವ ನೀರು ಹೊತ್ತುಕೊಂಡು, ಕಂಡಕ್ಟರನ ಬೈಗುಳ ತಿಂದು, ಕಮಲಾಪುರದ ಬಸ್ಸು ಹತ್ತುತ್ತಾನೆ. ಮಂಡಿಯೂರಿ ಕೂತು ಕರಿಕಣಗಳನ್ನು ಒಂದೊಂದಾಗಿ ಕೆರೆದು ಚೀಲಕ್ಕೆ ತುಂಬುತ್ತಾನೆ. ಎಷ್ಟು ಆಳ ಕೆರೆದರೂ ಗರಸು ಕಪ್ಪಗೇ ಬರುತ್ತದೆ. ತುಂಬಿದ ಚೀಲಗಳನ್ನು ಎಲ್ಲಿಗೆ ಒಯ್ದು ಹಾಕಬೇಕೆಂದು ಅವನಿಗೂ ತಿಳಿಯದು. ಕಸ್ತೂರಿಬಾಯಿಯ ಮನೆಯ ಹಿಂದಿನ ತಗಡಿನ ಕೆಳಗೆ ಅವು ಸಾಲಾಗಿ ಕೂತಿವೆ.

ಮೊನ್ನೆ ಭಾನುವಾರ ಅವನು ಕೆಲಸ ಮುಗಿಸಿ ಬಂದಾಗ ಕಸ್ತೂರಿಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಕಳೆದ ವಾರಕ್ಕಿಂತ ಇನ್ನೂ ಇಳಿದಿದ್ದಳು. ಪಕ್ಕದಲ್ಲಿ ಚಹಾದ ಬಟ್ಟಲುಗಳನ್ನು ಎಲ್ಲರಿಗೂ ಆಗುವಷ್ಟು ತೊಳೆದು ಬೋರಲು ಹಾಕಿದ್ದಳು. ಒಂದನ್ನು ಎತ್ತಿ, ಅವನು ತಂದ ನೀರಿನಲ್ಲೇ ಕಾಸಿದ ಚಹಾ ಬಗ್ಗಿಸಿ ಕೊಟ್ಟಳು. ಅದರಲ್ಲಿ ವಾಸನೆ ಇರಲಿಲ್ಲ. ಅವನು ಕುಡಿಯುವವರೆಗೂ ಆಕೆ ರಸ್ತೆಯ ಕಡೆಗೇ ನೋಡುತ್ತಿದ್ದಳು.

“ಕೆರದದ್ದು ಸಾಕೋ ತಮ್ಮಾ,” ಎಂದಳು. “ಮತ್ತ ಆಟ ಶುರು ಮಾಡ್ರಿ.”

“ಅಕ್ಕಾ, ಏನ್ ಮಾತಾಡ್ತಿ? ನೀರು...”

“ನೀರು ಹೆಂಗೂ ಕೆಟ್ಟೇ ಹೋಗ್ಯದ. ಇನ್ನ ಕೆಡೂದೇನದ? ನೀಲ್ಯಾಗ ಹೇಳು. ಎಲ್ಲಾರಿಗೂ ಹೇಳು. ಬರ್ಲಿ.”

ಆಕೆ ಉತ್ತರಕ್ಕಾಗಿ ಮಕ್ಬೂಲನ ಮುಖ ನೋಡುತ್ತಲೇ ಇದ್ದಳು. ಅವನು ಬಟ್ಟಲು ತೊಳೆದಿಟ್ಟು, ಖಾಲಿ ಕ್ಯಾನುಗಳನ್ನು ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ರಸ್ತೆಯ ಕಡೆಗೆ ನಡೆದ.