ಮಾಗಡಿ ಔಟ್

ಕಳೆದ ಭಾನುವಾರ ತಿಪ್ಪಸಂದ್ರಕ್ಕೆ ಹೋದಾಗ ನನ್ನ ಸೋದರಮಾವ ಅಂಗಳದಲ್ಲಿ ಕುರಿಗಳ ಬೆನ್ನಿಗೆ ಗುರುತಿನ ಕೆಂಪು ಪೇಂಟ್ ಹಚ್ಚುತ್ತಿದ್ದ. ಆ ವಾಸನೆಗೆ ನಿಮಗೆ ತಲೆನೋವು ಬಂದೀತು. ನನಗೆ ಮಾತ್ರ ಅವನ ಟ್ರ್ಯಾಕ್ಟರಿನ ಟೂಲ್‌ಬಾಕ್ಸ್ ನೆನಪಾಗುತ್ತದೆ.

ನಮ್ಮ ಕಡೆ ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸುವುದು ಯಾರಿಗೂ ದೊಡ್ಡ ವಿಷಯವಲ್ಲ. ಟ್ರೈಲರ್ ಸಮೇತ ಹಿಂದಕ್ಕೆ ಓಡಿಸುವುದೇ ಪಂದ್ಯ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತದೆ. ನಾನೊಮ್ಮೆ ಪ್ರಯತ್ನಿಸಿ ಹುಲ್ಲಿನ ಮೆದೆಗೆ ನುಗ್ಗಿಸಿದ್ದೆ. ಮೆದೆಯನ್ನು ಅಲ್ಲಿ ಒಟ್ಟಿದವರದೇ ತಪ್ಪೆಂದು ಇಂದಿಗೂ ನಂಬಿದ್ದೇನೆ. ಮಾವ ಮಾತ್ರ ಕುರಿಗೆ ಹಚ್ಚಿ ಉಳಿದ ಪೇಂಟಿನಲ್ಲಿ ಪ್ರತಿ ಪಂದ್ಯದ ಫಲಿತಾಂಶವನ್ನೂ ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಬರೆಯುತ್ತಿದ್ದ. ಕನಕಪುರ ಸೆಕೆಂಡ್. ಚನ್ನಪಟ್ಟಣ ಥರ್ಡ್. ಮಾಗಡಿ ಔಟ್. ರಾಮನಗರ ಮತ್ತೆ ಥರ್ಡ್. ಫಸ್ಟ್ ಎಂಬುದು ಎಲ್ಲೂ ಇಲ್ಲ.

ಆ ಒಂದು ಔಟ್ ಆದದ್ದು ಅತ್ತೆಯಿಂದ. ಮಾವ ಮನೆಗೆ ರಿವರ್ಸ್ ಬರುವಾಗಲೆಲ್ಲ ಅವಳು ಹಿಂದೆ ನಿಂತು "ಬರ್ಲಿ, ಬರ್ಲಿ, ಸಾಕು" ಎನ್ನಬೇಕು. ಪಂದ್ಯದಲ್ಲಿ ಹಾಗೆ ಹೊರಗಿನವರು ದಾರಿ ಹೇಳುವಂತಿಲ್ಲ. ಮಾಗಡಿಯಲ್ಲಿ ಅವತ್ತು ಮಾವನಷ್ಟು ಬೇಗ ಯಾರೂ ಬಂದಿರಲಿಲ್ಲ. ಟ್ರೈಲರ್ ಕೊನೆಯ ಕಂಬಗಳ ಹತ್ತಿರ ಬಂದದ್ದೇ ತಡ, ಜನರ ನಡುವಿನಿಂದ ಅತ್ತೆ ಅಭ್ಯಾಸಬಲದಿಂದ "ಬರ್ಲಿ, ಬರ್ಲಿ!" ಎಂದು ಕೂಗಿಯೇಬಿಟ್ಟಳು. ತೀರ್ಪುಗಾರ ಸೀಟಿ ಊದಿದ.

"ನನ್ ಬಾಯಿಂದ ನಿಮ್ ಫಸ್ಟು ಹೋಗ್ಬುಡ್ತು" ಎಂದು ದಾರಿಯುದ್ದಕ್ಕೂ ಅತ್ತಳು.

"ಹೋಗ್ಲಿ ಬುಡು ಅತ್ಲಾಗೆ" ಎಂದ ಮಾವ. ಅವಳು ಬಿಡಲಿಲ್ಲ. ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಮಾವನೂ ಫಸ್ಟಿನ ಹತ್ತಿರ ಮತ್ತೆ ಸುಳಿಯಲಿಲ್ಲ.

ಹೋದ ವರ್ಷ ಸ್ಟ್ರೋಕ್ ಆಗಿ ಅತ್ತೆಯ ಮಾತು ಬಿದ್ದುಹೋಯಿತು. ಅಂದಿನಿಂದ ಮಾವ ಟ್ರೈಲರನ್ನು ರಸ್ತೆಯಲ್ಲೇ ನಿಲ್ಲಿಸುತ್ತಿದ್ದ. ಕೇಳಿದರೆ "ಕ್ಲಚ್ ಸರಿಯಿಲ್ಲ ಕಣ್ಲಾ" ಎನ್ನುತ್ತಿದ್ದ. ಕ್ಲಚ್ಚಿಗೆ ಏನೂ ಆಗಿರಲಿಲ್ಲ. ಅದು ನನಗೂ ಗೊತ್ತಿತ್ತು, ಸಂಕಟವಾಗುತ್ತಿತ್ತು.

ಭಾನುವಾರ ಮೇವಿನ ಲೋಡ್ ಇತ್ತು, ಮೇಲೆ ಮಳೆಮೋಡ. ವಿಧಿಯಿಲ್ಲದೆ ಮಾವ ಅಂಗಳಕ್ಕೆ ರಿವರ್ಸ್ ಬಂದ. ಅರ್ಧಕ್ಕೆ ಬಂದು ನಿಂತುಬಿಟ್ಟ. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಟಕ್ ಎಂದಿತು. ಅತ್ತೆ ಊರುಗೋಲಿನಿಂದ ಕಲ್ಲಿಗೆ ಬಡಿಯುತ್ತಿದ್ದಳು. ಟಕ್... ಟಕ್... ಒಂದೊಂದು ಬಡಿತಕ್ಕೂ ಟ್ರೈಲರ್ ಹಿಂದೆ ಸರಿಯಿತು. ಗೋಡೆಗೆ ಒಂದು ಗೇಣು ಇದೆ ಎನ್ನುವಾಗ ಎರಡು ಸಲ ಬೇಗಬೇಗ ಬಡಿದಳು, ಸಾಕು ಎಂದು. ಮಾವ ಬ್ರೇಕ್ ಒತ್ತಿದ. ನಾನು ಬಾಯಿ ಮುಚ್ಚಿಕೊಂಡೆ.

ಕೆಳಗಿಳಿದವನೇ ಕುರಿಯ ಪೇಂಟ್ ತಂದು, ಟೂಲ್‌ಬಾಕ್ಸಿನ ಮುಚ್ಚಳ ಬಿಚ್ಚಿ, ಕೊನೆಯ ಸಾಲಿನ ಕೆಳಗೆ ಬರೆದ: ಮನೆ ಅಂಗಳ ಫಸ್ಟ್. ಇಬ್ಬರೂ.

ಅದನ್ನು ಅತ್ತೆಯ ಮಡಿಲಲ್ಲಿಟ್ಟು ಹೇಳಿದ: "ಅವತ್ತು ಮಾಗಡೀಲಿ ನೀನು ಕೂಗ್ದೆ ಇದ್ದಿದ್ರೆ ಕಂಬುಕ್ಕೇ ಗುದ್ದುಬುಡ್ತಿದ್ದೆ ಕಣೆ."

ನಿಜವೋ ಸುಳ್ಳೋ ನಾನು ಕೇಳಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿಯ ಒಂದು ಪಕ್ಕ ನಗುತ್ತಿತ್ತು. ಮಾವ ಇನ್ನೂ ಏನೋ ಹೇಳಲು ಹೊರಟ.

ಕೋಲು ಎರಡು ಸಲ ಬಡಿಯಿತು.